ಕಲ್ಲಿಗೆ ನಂಬರ್ ಇದೆ, ನೀರುಗಂಟಿಗೆ ಇಲ್ಲ

ಫೋನ್ ತೆಗೆದು 'ಮುಳಬಾಗಿಲು' ಎಂದು ಹುಡುಕಿ ನೋಡಿ. ದೋಸೆ ಬರುತ್ತದೆ. ಕುರುಡುಮಲೆ ಗಣಪತಿ ಬರುತ್ತಾನೆ, ಆವಣಿ ಬೆಟ್ಟ ಬರುತ್ತದೆ. 1887ರಲ್ಲಿ ಇಲ್ಲೇ ಹುಟ್ಟಿದ ಡಿ.ವಿ. ಗುಂಡಪ್ಪನವರು ಬರುತ್ತಾರೆ. ಚುನಾವಣೆ ಹತ್ತಿರವಿದ್ದರೆ ಟಿಕೆಟ್ ಯಾರಿಗೆ ಎಂಬ ಗದ್ದಲ ಬರುತ್ತದೆ. ನಿಮ್ಮ ತಾಲ್ಲೂಕು ಎಂದರೆ ಇಷ್ಟೇ ಎಂದು ಫೋನ್ ಹೇಳುತ್ತದೆ, ನಾವೂ ಹೂಂಗುಟ್ಟಿ ಜೇಬಿಗೆ ಹಾಕಿಕೊಳ್ಳುತ್ತೇವೆ.

ಈಗ ಬೇರೆ ಪ್ರಶ್ನೆ ಕೇಳಿ. ನಮ್ಮ ತಾತಂದಿರ ಕಾಲದಲ್ಲಿ ಕೆರೆಯ ತೂಬು ಎತ್ತುತ್ತಿದ್ದವರು ಯಾರು? ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಉಂಟೋ ಇಲ್ಲವೋ ಎಂದು ಯಾರು ತೀರ್ಮಾನಿಸುತ್ತಿದ್ದರು? ಹಗಲೂ ರಾತ್ರಿ ಕಾಲುವೆ ಕಾದ ನೀರುಗಂಟಿಗೆ ಸುಗ್ಗಿಯಲ್ಲಿ ಎಷ್ಟು ಹೊರೆ ಕೊಡುತ್ತಿದ್ದರು? ಈ ಪ್ರಶ್ನೆಗಳಿಗೆ ಫೋನ್ ತಡವರಿಸುತ್ತದೆ.

ಹಾಗಾದರೆ ಇದನ್ನೆಲ್ಲ ಯಾರೂ ಬರೆದೇ ಇಲ್ಲವೇ? ಬರೆದಿದ್ದಾರೆ. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿ ಬರೆದುಕೊಂಡು ಹೋದ ಕಾಲದಿಂದ ಇವತ್ತಿನವರೆಗೆ ಅಧಿಕಾರಿಗಳು, ಮಾನವಶಾಸ್ತ್ರದವರು, ಪಿಎಚ್‌ಡಿ ಮಾಡುವವರು ನಮ್ಮ ಕಡೆಗೆ ಬರುತ್ತಲೇ ಇದ್ದಾರೆ. ನಮ್ಮ ಮದುವೆ, ಸಾವು, ದೇವರು, ನೀರು, ಜಾತಿ, ಅಡುಗೆ ಎಲ್ಲವನ್ನೂ ಬರೆದಿದ್ದಾರೆ. ಬರೆದದ್ದು ಇದೆ. ನಮಗೆ ಸಿಗುವುದಿಲ್ಲ, ಅಷ್ಟೆ.

ಸಿಗದಿರುವುದಕ್ಕೆ ದೊಡ್ಡ ಕಾರಣವೊಂದಿದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅದು ಲೈಬ್ರರಿಯವರ ಕೆಲಸ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅದರ ಹೆಸರು ವಿಷಯ ಸೂಚಿ. ಬರೆದ ಪ್ರತಿ ಪುಟಕ್ಕೂ 'ಇದು ಇಂಥ ವಿಷಯ' ಎಂದು ಹಚ್ಚುವ ಚೀಟಿ. ಈ ಚೀಟಿಗಳನ್ನು ಓದುವುದನ್ನು ಹಳ್ಳಿಯವರು ಕಲಿಯಲೇಬೇಕು. ನಮ್ಮ ಊರಿನ ಬಗ್ಗೆ ಬರೆದದ್ದಕ್ಕೆ ನಮ್ಮ ಭಾಷೆಯ ಚೀಟಿ ಹಚ್ಚಿ ಎಂದು ಸರ್ಕಾರವನ್ನೂ ವಿಶ್ವವಿದ್ಯಾಲಯಗಳನ್ನೂ ಕೇಳಲೇಬೇಕು. ನಮ್ಮ ಜಗಳ ಇದಕ್ಕಾಗಿ.

ಪಹಣಿ ಗೊತ್ತಿದ್ದವರಿಗೆ ಇದು ಗೊತ್ತು

ವಿಷಯ ಸೂಚಿ ಎಂದಾಕ್ಷಣ ಹೆದರಬೇಡಿ. ಪಹಣಿ ತೆಗೆಸಿದ ಯಾರಿಗೇ ಆದರೂ ಇದು ಅರ್ಥವಾಗುತ್ತದೆ.

ಒಬ್ಬ ರೈತನ ಹೆಸರು ಪಹಣಿಯಲ್ಲಿ ಮುನಿವೆಂಕಟಪ್ಪ. ರೇಷನ್ ಕಾರ್ಡಿನಲ್ಲಿ ಮುನೆಂಕಟಪ್ಪ. ಬ್ಯಾಂಕಿನಲ್ಲಿ ಎಂ. ವೆಂಕಟಪ್ಪ. ಹೆಸರು ಹಿಡಿದು ಹುಡುಕಿದರೆ ಜಮೀನು ಸಿಗುವುದಿಲ್ಲ, ಸಿಕ್ಕರೂ ಅದೇ ಹೆಸರಿನ ಇನ್ನೊಬ್ಬನದು ಸಿಗುತ್ತದೆ. ಅದಕ್ಕೇ ನಾಡಕಚೇರಿಯಲ್ಲಿ ಹೋಬಳಿ ಯಾವುದು, ಊರು ಯಾವುದು, ಸರ್ವೆ ನಂಬರ್ ಎಷ್ಟು ಎಂದು ಕೇಳುತ್ತಾರೆ. ಹೆಸರು ಹೇಗೆ ಬರೆದಿದ್ದರೂ ಸರ್ವೆ ನಂಬರ್ ಒಂದೇ.

ವಿಷಯ ಸೂಚಿ ಎಂದರೆ ಬರಹದ ಸರ್ವೆ ನಂಬರ್.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೆಲವರು. ಜಾರ್ಜ್ ಪೀಟರ್ ಮರ್ಡಾಕ್ ಎಂಬ ಮಾನವಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1930ರ ದಶಕದಲ್ಲಿ ಶುರು ಮಾಡಿದ ಕೆಲಸ 1949ರಲ್ಲಿ 'ಹ್ಯೂಮನ್ ರಿಲೇಶನ್ಸ್ ಏರಿಯಾ ಫೈಲ್ಸ್' ಎಂಬ ಸಂಸ್ಥೆಯಾಯಿತು. ಜಗತ್ತಿನ ನೂರಾರು ಸಮುದಾಯಗಳ ಬಗ್ಗೆ ಬಂದ ಪುಸ್ತಕ, ಲೇಖನಗಳನ್ನು ತಂದು, ಓದಿ, ಒಂದೊಂದು ಪ್ಯಾರಾಕ್ಕೂ ವಿಷಯದ ನಂಬರ್ ಹಾಕಿದರು. ಮೊದಲು ಕಾಗದದ ಚೀಟಿಗಳಲ್ಲಿ, ಆಮೇಲೆ ಪುಟ್ಟ ಫಿಲ್ಮುಗಳಲ್ಲಿ, ಈಗ ಇಂಟರ್‌ನೆಟ್ಟಿನಲ್ಲಿ. ಈಗ ಅದಕ್ಕೆ ಇ-ಎಚ್‌ಆರ್‌ಎಎಫ್ ಎನ್ನುತ್ತಾರೆ.

ಅವರ ನಂಬರ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಿಷಯಗಳಿವೆ. ಮೊದಲ ಎರಡು ಅಂಕಿ ಹೋಬಳಿ ಇದ್ದಂತೆ, ಮೂರನೆಯದು ಸೇರಿದರೆ ಊರು. 56 ಎಂದರೆ ಸಮಾಜದ ಮೇಲುಕೀಳಿನ ಏಣಿ, 564 ಎಂದರೆ ಜಾತಿ. 58 ಎಂದರೆ ಮದುವೆ, 583 ಎಂದರೆ ಮದುವೆಯಾಗುವ ರೀತಿ. 312 ನೀರು ಪೂರೈಕೆ. 551 ಜನರಿಗೆ ಹೆಸರಿಡುವುದು. 764 ಮಣ್ಣು ಮಾಡುವುದು ಮತ್ತು ಸಾವಿನ ಕರ್ಮಗಳು. 776 ದೇವರು, ದೆವ್ವ. 844 ಹೆರಿಗೆ. ಹೀಗೆ ಹುಟ್ಟಿನಿಂದ ಮಸಣದವರೆಗೆ ಎಲ್ಲಕ್ಕೂ ಒಂದೊಂದು ನಂಬರ್.

ಇದರ ಲಾಭ ಎಲ್ಲಿದೆ ನೋಡಿ. ನೀರು ಬಿಡುವವನನ್ನು ನಾವು ನೀರುಗಂಟಿ ಎನ್ನುತ್ತೇವೆ. ಗಡಿ ದಾಟಿ ತೆಲುಗು ಸೀಮೆಗೆ ಹೋದರೆ ನೀರಟಿ ಎನ್ನುವವರಿದ್ದಾರೆ. ತಮಿಳುನಾಡಿನಲ್ಲಿ ನೀರ್‌ಕಟ್ಟಿ. ಇಂಗ್ಲಿಷಿನಲ್ಲಿ ಬರೆಯುವವರ ಕೈಯಲ್ಲಿ ನಮ್ಮ ನೀರುಗಂಟಿಯೊಬ್ಬನೇ ನೀರ್‌ಗಂಟಿ, ನಿರಗಂಟಿ, ನೀರ್‌ಘಂಟಿ ಆಗಬಹುದು. ಹೆಸರೇ ಬೇಡ ಎಂದು 'ಹಳ್ಳಿಯ ನೀರಿನ ಆಳು' ಎಂದಷ್ಟೇ ಬರೆದು ಮುಂದೆ ಹೋದವರೂ ಇರಬಹುದು. ಪದ ಹಿಡಿದು ಹುಡುಕಿದರೆ ನಿಮಗೆ ಒಂದು ಸಿಗುತ್ತದೆ, ನಾಲ್ಕು ತಪ್ಪುತ್ತವೆ. 312 ಎಂದು ವಿಷಯ ಹಿಡಿದು ಹುಡುಕಿದರೆ ಹೆಸರು ಏನೇ ಇರಲಿ, ನೀರು ಹಂಚಿದವರೆಲ್ಲ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ.

ಇನ್ನೊಂದು ಹೆಜ್ಜೆ ಇದೆ. ಎರಡು ನಂಬರ್ ಒಟ್ಟಿಗೆ ಹಾಕಬಹುದು. 312 ಮತ್ತು 564. ಅಂದರೆ ನೀರಿನ ಮಾತೂ ಇರಬೇಕು, ಜಾತಿಯ ಮಾತೂ ಇರಬೇಕು. ಇಂಥ ಪ್ಯಾರಾಗಳು ಮಾತ್ರ ಬರುತ್ತವೆ. ಯಾವ ಬಾವಿಯ ಹಗ್ಗ ಯಾರು ಮುಟ್ಟಬಹುದಿತ್ತು, ಯಾರ ಗದ್ದೆಗೆ ಮೊದಲು ನೀರು ಹೋಗುತ್ತಿತ್ತು, ತೂಬು ಎತ್ತಿದವನಿಗೆ ಆ ನೀರಿನಲ್ಲಿ ಪಾಲಿತ್ತೋ ಇಲ್ಲವೋ. ಇದನ್ನು ಬರೀ 'ಕೆರೆ' ಎಂದು ಹುಡುಕಿದರೆ ಕಾಣುವುದಿಲ್ಲ. ಸಾವಿರ ಫಲಿತಾಂಶದ ಅಡಿಯಲ್ಲಿ ಹೂತುಹೋಗಿರುತ್ತದೆ.

ಕಲ್ಲಿಗೆ ಸಿಕ್ಕ ಮರ್ಯಾದೆ

ಸೂಚಿ ಚೆನ್ನಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬಿ.ಎಲ್. ರೈಸ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲೆವಾರು ಸಂಗ್ರಹಿಸಿದರು. ಕೋಲಾರ ಜಿಲ್ಲೆಯದು 10ನೇ ಸಂಪುಟ, 1905ರಲ್ಲಿ ಬಂತು. ಅದರಲ್ಲಿ ಒಂದೊಂದು ತಾಲ್ಲೂಕಿಗೆ ಒಂದೊಂದು ಗುರುತು. ಮುಳಬಾಗಿಲಿಗೆ 'ಎಂಬಿ'. ಅದರ ಮುಂದೆ ಶಾಸನದ ಸಂಖ್ಯೆ, ಅದರ ಜೊತೆಗೆ ಅದು ನಿಂತಿರುವ ಊರು.

ನೂರಿಪ್ಪತ್ತು ವರ್ಷ ಕಳೆದರೂ ಆ ನಂಬರ್ ಹಿಡಿದು ಯಾರು ಬೇಕಾದರೂ ಯಾವ ದೇಶದಿಂದ ಬೇಕಾದರೂ ನಮ್ಮ ಹೊಲದ ಬದುವಿನ ಕಲ್ಲಿನ ಬಳಿಗೆ ಬರಬಹುದು. ಹಿಂದೆ ಯಾವ ಅರಸ ಯಾರಿಗೆ ಎಷ್ಟು ಗದ್ದೆ ಬಿಟ್ಟ ಎಂದು ಓದಬಹುದು.

ಕೆರೆ ಕಟ್ಟಿಸಿದವನ ಕಲ್ಲಿಗೆ ವಿಳಾಸ ಇದೆ. ಅದೇ ಕೆರೆಯ ನೀರನ್ನು ತಲೆಮಾರುಗಳ ಕಾಲ ಹಂಚಿದ ನೀರುಗಂಟಿಯ ಮನೆತನಕ್ಕೆ ವಿಳಾಸ ಇಲ್ಲ. ನಮ್ಮ ಕಡೆ ಈ ಕೆಲಸ ಮಾಡಿದವರಲ್ಲಿ ಬಹಳ ಮಂದಿ ದಲಿತರು. ಅವರಿಗೆ ಶಾಸನ ಕೆತ್ತಿಸುವ ಶಕ್ತಿ ಇರಲಿಲ್ಲ. ಅವರ ಬದುಕು ಯಾವುದೋ ಪ್ರಬಂಧದ ನಾಲ್ಕನೇ ಅಧ್ಯಾಯದ ನಡುವಿನಲ್ಲಿ ಎರಡು ಪ್ಯಾರಾ ಆಗಿ ಕೂತಿರುತ್ತದೆ. ಆ ಎರಡು ಪ್ಯಾರಾಕ್ಕೆ ಚೀಟಿ ಹಚ್ಚುವವರು ಯಾರು?

ಇದು ಹಳೆಯ ಕಥೆಯೂ ಅಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೆರೆಯಲ್ಲಿ ನೀರು ನಿಂತರೆ ಹಳೆಯ ಪ್ರಶ್ನೆಗಳೂ ಏಳುತ್ತವೆ. ತೂಬು ಯಾರ ಕೈಯಲ್ಲಿ? ಯಾರ ಗದ್ದೆ ಮೊದಲು? ಆ ನೀರಿನ ಹಕ್ಕು ಬೋರ್‌ವೆಲ್ ಇದ್ದವರದೋ, ಅಚ್ಚುಕಟ್ಟಿನವರದೋ? ಹಿಂದಿನವರು ಇದನ್ನು ಹೇಗೆ ಬಗೆಹರಿಸಿದ್ದರು ಎಂದು ಬರೆದಿಟ್ಟಿರುವುದು ಕೈಗೆ ಸಿಕ್ಕರೆ ಗ್ರಾಮಸಭೆಯಲ್ಲಿ ಮಾತಾಡುವುದಕ್ಕೆ ಒಂದು ನೆಲೆ ಸಿಗುತ್ತದೆ. ಸಿಗದಿದ್ದರೆ ಗಂಟಲು ದೊಡ್ಡದಿರುವವನದೇ ನ್ಯಾಯ.

ಸರ್ಟಿಫಿಕೇಟಿನ ಪ್ರಶ್ನೆ

'ಇದೆಲ್ಲ ಓದಿದವರ ಕೆಲಸ, ಟೊಮೆಟೊ ಬೆಳೆಯುವವರಿಗೆ ಯಾಕೆ' ಎಂದು ಕೇಳುವವರು ಇದ್ದಾರೆ. ಅವರಿಗೆ ನಮ್ಮ ಉತ್ತರ: ಜಾತಿ ಪ್ರಮಾಣಪತ್ರ.

1994ರಲ್ಲಿ ಸುಪ್ರೀಂ ಕೋರ್ಟ್ ಕುಮಾರಿ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಜಾತಿ ಪ್ರಮಾಣಪತ್ರ ಪರಿಶೀಲನೆ ಹೇಗಿರಬೇಕು ಎಂದು ನಿಯಮ ಹಾಕಿತು. ವಿಚಾರಣೆಗೆ ಹೋಗುವ ಅಧಿಕಾರಿ ಏನೇನು ನೋಡಬೇಕು ಎಂಬುದೂ ಅದರಲ್ಲಿದೆ. ಮುಖ್ಯವಾಗಿ ಬುಡಕಟ್ಟಿನವರ ವಿಷಯದಲ್ಲಿ ಅವರ ಮಾನವಶಾಸ್ತ್ರದ ಲಕ್ಷಣ, ದೇವರು, ಆಚರಣೆ, ಮದುವೆಯ ರೀತಿ, ಸಾವಿನ ಕರ್ಮ, ಹೂಳುವ ವಿಧಾನ. ಮೇಲೆ ನಾವು ಬರೆದ ನಂಬರ್‌ಗಳನ್ನು ಇನ್ನೊಮ್ಮೆ ನೋಡಿ. 776, 583, 764. ಕೋರ್ಟ್ ಕೇಳುವ ಪ್ರಶ್ನೆಗಳೂ ಮಾನವಶಾಸ್ತ್ರದ ಸೂಚಿಯೂ ಒಂದೇ ಅಚ್ಚಿನವು. ಇಂಥ ಲಕ್ಷಣಗಳ ಹೋಲಿಕೆಯೊಂದೇ ಅಂತಿಮ ಪರೀಕ್ಷೆಯಲ್ಲ ಎಂದು ಅದೇ ಕೋರ್ಟ್ 2023ರಲ್ಲಿ ಹೇಳಿದೆ, ನಿಜ. ಆದರೆ ಪ್ರಶ್ನೆಗಳು ನಿಂತಿಲ್ಲ.

ಹೆಸರಿನ ವಿಷಯ ಇನ್ನೂ ಬಿಗಿ. ಪರಿಶಿಷ್ಟರ ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಓದಬೇಕು, ಇದೂ ಅದೇ ಎಂದು ಸೇರಿಸಿಕೊಳ್ಳುವಂತಿಲ್ಲ ಎಂದು 2000ದ ಮಿಲಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ರಾಜ್ಯದ ಪಟ್ಟಿಯಲ್ಲಿ 'ಬೇಡ ಜಂಗಮ, ಬುಡ್ಗ ಜಂಗಮ' ಎಂದಿದೆ. ಜಂಗಮ ಎಂಬ ಪದ ಒಂದೇ, ಅದರ ಹಿಂದಿನ ಪದ ಬದಲಾದರೆ ಬದುಕೇ ಬದಲಾಗುತ್ತದೆ. ಈ ಎರಡು ಪದಗಳ ಸುತ್ತ ರಾಜ್ಯದಲ್ಲಿ ಎಷ್ಟು ಕೇಸು, ಎಷ್ಟು ಧರಣಿ ನಡೆದಿವೆ ಎಂದು ನಿಮಗೂ ಗೊತ್ತು.

ಮುಳಬಾಗಿಲು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2018ರ ಚುನಾವಣೆಯ ಹೊತ್ತಿಗೆ ಇಲ್ಲಿಯ ಹಾಲಿ ಶಾಸಕರ ಜಾತಿ ಪ್ರಮಾಣಪತ್ರ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ, ನಾಮಪತ್ರ ತಿರಸ್ಕೃತವಾಯಿತು. ಆ ಕೇಸಿನ ಸರಿತಪ್ಪನ್ನು ನಾವು ಇಲ್ಲಿ ಎತ್ತುತ್ತಿಲ್ಲ. ಒಂದು ತಾಲ್ಲೂಕಿನ ರಾಜಕೀಯವೇ ಒಂದು ಜಾತಿಯ ಹೆಸರಿನ ಮೇಲೆ ನಿಂತಿತ್ತು ಎಂಬುದನ್ನು ನೆನಪಿಸುತ್ತಿದ್ದೇವೆ.

ಶಾಸಕರಾದವರಿಗೆ ವಕೀಲರಿರುತ್ತಾರೆ. ವಕೀಲರಿಗೆ ಲೈಬ್ರರಿ ಇರುತ್ತದೆ. ಊರ ಹೊರಗೆ ಟಾರ್ಪಾಲಿನ ಕೆಳಗೆ ಮಲಗುವ ಅಲೆಮಾರಿ ಕುಟುಂಬದ ಹುಡುಗಿ ಹಾಸ್ಟೆಲಿಗೆ ಅರ್ಜಿ ಹಾಕುವಾಗ ಯಾರಿರುತ್ತಾರೆ? 2025ರಲ್ಲಿ ಒಳಮೀಸಲಾತಿ ಹಂಚಿಕೆಯಾದಾಗ 59 ಅಲೆಮಾರಿ ಜಾತಿಗಳವರು ನಮ್ಮ ಪಾಲು ಪ್ರತ್ಯೇಕವಾಗಿ ಕೊಡಿ ಎಂದು ಬೀದಿಗೆ ಬಂದರು. ಅವರ ಬಗ್ಗೆ ಎಡ್ಗರ್ ಥರ್ಸ್ಟನ್ 1909ರ ಏಳು ಸಂಪುಟಗಳಲ್ಲಿ ಬರೆದಿದ್ದಾರೆ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮೈಸೂರಿನ ಜಾತಿ ಬುಡಕಟ್ಟುಗಳ ನಾಲ್ಕು ಸಂಪುಟಗಳಲ್ಲಿ ಬರೆದಿದ್ದಾರೆ. 1985ರಲ್ಲಿ ಶುರುವಾದ 'ಪೀಪಲ್ ಆಫ್ ಇಂಡಿಯಾ' ಯೋಜನೆ ದೇಶದ 4,635 ಸಮುದಾಯಗಳನ್ನು ದಾಖಲಿಸಿತು. ಇಷ್ಟೆಲ್ಲ ಇದ್ದೂ ಆ ಹುಡುಗಿಯ ಕೈಗೆ ಒಂದು ಪುಟ ಸಿಗುವುದಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವ ಸ್ಥಿತಿ ಅವಳದಲ್ಲ, ಅವಳ ಬೆಣ್ಣೆಯನ್ನು ಬೇರೆಯವರು ಬೀಗ ಹಾಕಿಟ್ಟಿದ್ದಾರೆ.

'ಗೂಗಲ್ ಸಾಕು' ಎನ್ನುವವರಿಗೆ

ಕಾಲೇಜು ಹುಡುಗರು ಹೇಳುತ್ತಾರೆ: ಈ ನಂಬರ್ ಯಾಕೆ ಅಣ್ಣ, ಗೂಗಲ್ ಇದೆ, ಈಗ ಎಐ ಇದೆ, ಕೇಳಿದರೆ ಸಾಕು.

ಸಾಲದು. ಸಾಮಾನ್ಯ ಸರ್ಚ್ ಹೆಚ್ಚಾಗಿ ನೀವು ಹೊಡೆದ ಪದವನ್ನೂ ಅದಕ್ಕೆ ಹತ್ತಿರದ್ದನ್ನೂ ಹುಡುಕುತ್ತದೆ, ಬಹಳ ಜನ ನೋಡಿದ್ದನ್ನು ಮೇಲೆ ತರುತ್ತದೆ. ಬಹಳ ಜನ ನೋಡುವುದು ದೋಸೆಯನ್ನು. ಸ್ಕ್ಯಾನ್ ಮಾಡಿಟ್ಟ ಹಳೆಯ ಕನ್ನಡ ಪುಟದ ಅಕ್ಷರಗಳನ್ನು ಕಂಪ್ಯೂಟರ್ ಸರಿಯಾಗಿ ಓದದಿದ್ದರೆ ಆ ಪುಟ ಅದರ ಪಾಲಿಗೆ ಇಲ್ಲವೇ ಇಲ್ಲ.

ಇನ್ನು ಎಐ. ಅದು ತಾನು ಓದಿದ್ದರಿಂದ ಹೇಳುತ್ತದೆ, ಓದದಿದ್ದರೆ ಎಷ್ಟೋ ಸಲ ಊಹಿಸಿ ಹೇಳುತ್ತದೆ. ನಮ್ಮ ತಾಲ್ಲೂಕಿನ ನೀರುಗಂಟಿಯ ಬಗ್ಗೆ ಅದು ಎಷ್ಟು ಓದಿರಲು ಸಾಧ್ಯ? ಯಾವ ಪುಸ್ತಕ, ಯಾವ ಪುಟ ಎಂದು ಮರುಪ್ರಶ್ನೆ ಹಾಕಿ. ಹೇಳಿದ ಪುಟವನ್ನು ತೆರೆದು ನೋಡಿ. ತಹಶೀಲ್ದಾರರ ಮೇಜಿನ ಮುಂದೆ ನಿಂತು 'ಎಐ ಹೇಳಿತು ಸಾರ್' ಎಂದರೆ ನಡೆಯುತ್ತದೆಯೇ? ಅಲ್ಲಿ ಬೇಕಾಗುವುದು ಪುಟ. ಪುಟಕ್ಕೆ ಕರೆದೊಯ್ಯುವುದು ಸೂಚಿ.

ಬೆರಳು ಕೊಟ್ಟವರು, ಕತ್ತರಿಸಿದವರು

ಇನ್ನೊಂದು ಕಡೆಯಿಂದಲೂ ವಿರೋಧ ಬರುತ್ತದೆ. ಇದು ಹುಡುಗರ ಮಾತಿಗಿಂತ ಗಟ್ಟಿ. 'ಆ ವಿಷಯಗಳ ಪಟ್ಟಿ ಮಾಡಿದವರು ಯಾರು? ಅಮೆರಿಕದವರು. ಅದಕ್ಕೂ ಮುಂಚೆ ಬ್ರಿಟಿಷರು. ಅವರ ಡಬ್ಬಿಗಳಲ್ಲಿ ನಮ್ಮ ಬದುಕನ್ನು ಯಾಕೆ ಹುಡುಕಬೇಕು?'

ಈ ಮಾತಿನಲ್ಲಿ ಸತ್ಯವಿದೆ. ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮುಂಚೆ ತಾಯಿ ತನ್ನ ಬೆರಳ ತುದಿಯನ್ನು ದೇವರಿಗೆ ಒಪ್ಪಿಸುವ ಪದ್ಧತಿ ಹಿಂದೆ ಇತ್ತು. ಕೋಲಾರ ತಾಲ್ಲೂಕಿನ ಸೀತಿ ಬೆಟ್ಟದ ಭೈರವನ ಜೊತೆ ಅದರ ಕಥೆ ಹೆಣೆದುಕೊಂಡಿದೆ. ಆ ಪದ್ಧತಿ ನಿಂತು ಎಷ್ಟೋ ಕಾಲವಾಯಿತು, ನಿಂತದ್ದು ಒಳ್ಳೆಯದೇ ಆಯಿತು. ಆದರೆ ಜನ ಅದನ್ನು ಕರೆದದ್ದು 'ಬೆರಳು ಕೊಡುವುದು' ಎಂದು.

ಥರ್ಸ್ಟನ್ 1906ರ ತಮ್ಮ ಪುಸ್ತಕದಲ್ಲಿ ಇದನ್ನು ಅಂಗವಿಕಾರ, ಅಂಗಛೇದಗಳ ಅಧ್ಯಾಯದಲ್ಲಿ ಇಟ್ಟರು. ಯೇಲ್‌ನವರ ಪಟ್ಟಿಯಲ್ಲೂ ಇಂಥ ಸಂಗತಿಗಳ ನಂಬರ್ 304ಕ್ಕೆ ಹಿಂದೆ ಇದ್ದ ಹೆಸರು ಅಂಗಛೇದ ಎಂಬ ಅರ್ಥದ 'ಮ್ಯುಟಿಲೇಶನ್'. ಆಮೇಲೆ ಅದನ್ನು 'ದೇಹದ ಮಾರ್ಪಾಡು' ಎಂಬ ಅರ್ಥ ಬರುವಂತೆ ಬದಲಿಸಿದರು. ದೇವರಿಗೆ ಒಪ್ಪಿಸುವುದಕ್ಕೆ ಅವರಲ್ಲಿ ಬೇರೆಯೇ ನಂಬರ್ ಇದೆ, 782. ಒಂದೇ ಬೆರಳು. 782ರಲ್ಲಿ ಇಟ್ಟರೆ ಆ ತಾಯಿ ಹರಕೆ ತೀರಿಸಿದವಳು, 304ರಲ್ಲಿ ಇಟ್ಟರೆ ಕತ್ತರಿಸಿಕೊಂಡವಳು. ಡಬ್ಬಿ ಆರಿಸಿದವನೇ ತೀರ್ಪನ್ನೂ ಕೊಟ್ಟಂತೆ.

ಹಾಗೆಂದು ಸೂಚಿಯನ್ನೇ ಬಿಸಾಡುವುದೇ? ನಮ್ಮ ಉತ್ತರ ಬೇರೆ. ಆ ಭಾಷೆ ಗೊತ್ತಿದ್ದರೆ ಎರಡೂ ಡಬ್ಬಿ ತೆರೆದು ನೋಡುತ್ತೀರಿ. ತಪ್ಪು ಡಬ್ಬಿಯಲ್ಲಿದೆ ಎಂದು ಕೈ ಎತ್ತುತ್ತೀರಿ. ಗೊತ್ತಿಲ್ಲದಿದ್ದರೆ ನಿಮ್ಮ ಮನೆತನ ಯಾವ ಡಬ್ಬಿಯಲ್ಲಿ ಬಿದ್ದಿದೆ ಎಂಬುದೇ ತಿಳಿಯುವುದಿಲ್ಲ.

ಕೈ ಎತ್ತಿದರೆ ಪದ ಬದಲಾಗುತ್ತದೆ, ಇದಕ್ಕೆ ಸಾಕ್ಷಿ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವಿಷಯಪಟ್ಟಿಯನ್ನು ಜಗತ್ತಿನ ಸಾವಿರಾರು ಲೈಬ್ರರಿಗಳು ಬಳಸುತ್ತವೆ. ದಾಖಲೆಯಿಲ್ಲದೆ ಬಂದ ವಲಸಿಗರಿಗೆ ಅದರಲ್ಲಿ ಅಕ್ರಮದ ಹಣೆಪಟ್ಟಿ ಕಟ್ಟುವ ಪದವಿತ್ತು. 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಇದು ಸರಿಯಲ್ಲ ಎಂದು ಅರ್ಜಿ ಕೊಟ್ಟರು. ಸಂಸತ್ತಿನಲ್ಲೂ ಜಗಳವಾಯಿತು. 2021ರಲ್ಲಿ ಪದ ಬದಲಾಯಿತು. ಅದೇ ಪಟ್ಟಿಯಲ್ಲಿ ಇವತ್ತು 'ದಲಿತರು' ಎಂಬುದೇ ಅಧಿಕೃತ ಪದ. ಮುಟ್ಟಬಾರದವರು ಎಂಬರ್ಥದ ಹಳೆಯ ಇಂಗ್ಲಿಷ್ ಪದ ಹಾಕಿ ಹುಡುಕಿದವರನ್ನು ಪಟ್ಟಿಯೇ ಈ ಪದದ ಕಡೆಗೆ ತಿರುಗಿಸಿ ಕಳಿಸುತ್ತದೆ. ನಮ್ಮವರು ಹೋರಾಡಿ ಗಳಿಸಿದ ಹೆಸರು ವಾಷಿಂಗ್ಟನ್ನಿನ ಪಟ್ಟಿಯಲ್ಲಿ ಕೂತಿದೆ. ಅಲ್ಲಿ ಆಗಿದ್ದು ಬೆಂಗಳೂರಿನಲ್ಲಿ ಆಗಬಾರದೇ?

ಇವತ್ತೇ ಮಾಡಬಹುದಾದ್ದು

ಇ-ಎಚ್‌ಆರ್‌ಎಎಫ್ ಚಂದಾ ಕಟ್ಟಿದ ಸಂಸ್ಥೆಗಳಿಗೆ ಮಾತ್ರ ಪೂರ್ತಿ ತೆರೆಯುತ್ತದೆ. ನಮ್ಮೆಲ್ಲ ಸಮುದಾಯಗಳೂ ಅದರಲ್ಲಿಲ್ಲ. ಆದರೆ ಅವರ ವಿಷಯಗಳ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಉಚಿತ. ಅದನ್ನು ಪಾಠದ ಪುಸ್ತಕದಂತೆ ಬಳಸಿ.

ಮೊದಲು ನಿಮ್ಮ ಪ್ರಶ್ನೆಯನ್ನು ಮನೆಯ ಮಾತಿನಲ್ಲೇ ಬರೆಯಿರಿ: 'ನಮ್ಮ ಜನರಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಿದ್ದರು, ಯಾಕೆ?' ಅದರೊಳಗಿನ ವಿಷಯವನ್ನು ಬೇರೆ ಮಾಡಿ: ಸಾವು, ಹೂಳುವುದು. ಪಟ್ಟಿಯಲ್ಲಿ ಅದಕ್ಕೆ ಹೊಂದುವ ನಂಬರನ್ನೂ ಇಂಗ್ಲಿಷ್ ಪದವನ್ನೂ ಗುರುತು ಹಾಕಿಕೊಳ್ಳಿ. ನಂಬರ್ ಅವರ ಕಣಜದಲ್ಲಷ್ಟೇ ನಡೆಯುತ್ತದೆ, ಪದ ಎಲ್ಲ ಕಡೆ ನಡೆಯುತ್ತದೆ. ಆ ಪದದ ಜೊತೆ ನಿಮ್ಮ ಸಮುದಾಯದ ಹೆಸರು ಅಥವಾ ಜಿಲ್ಲೆಯ ಹೆಸರು ಸೇರಿಸಿ ಹುಡುಕಿ. ಹೆಸರನ್ನು ನಾಲ್ಕೈದು ರೀತಿ ಬರೆದು ನೋಡಿ, ಒಕ್ಕಲಿಗ ಎಂಬುದೇ ಇಂಗ್ಲಿಷಿನಲ್ಲಿ ಮೂರು ಬೇರೆ ಬೇರೆ ಅಕ್ಷರಗಳಿಂದ ಶುರುವಾಗುತ್ತದೆ.

ಪಿಎಚ್‌ಡಿ ಪ್ರಬಂಧಗಳಿಗೆ 'ಶೋಧಗಂಗಾ' ಇದೆ, ಉಚಿತ. ಥರ್ಸ್ಟನ್, ನಂಜುಂಡಯ್ಯ ಅವರ ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತ. ಸಿಕ್ಕ ಒಂದು ಒಳ್ಳೆಯ ಪ್ರಬಂಧದ ಕೊನೆಗೆ ಹೋಗಿ, ಅದು ಯಾವ ಪುಸ್ತಕಗಳನ್ನು ಬಳಸಿದೆ ನೋಡಿ. ಯಾವ ವಿಷಯಪದಗಳನ್ನು ಕೊಟ್ಟಿದೆ ನೋಡಿ. ಆ ಪದ ಹಿಡಿದು ಮುಂದಿನದನ್ನು ಹುಡುಕಿ. ಕಾಲುವೆ ಹಿಡಿದು ನಡೆದರೆ ಕೆರೆ ಸಿಗಲೇಬೇಕು.

ನಾವು ಕೇಳುವುದು

ಇನ್ನು ಕೇಳಬೇಕಾದವರನ್ನು ಕೇಳೋಣ.

ವಿಷಯ ಸೂಚಿಯ ವಿದ್ಯೆಯಲ್ಲಿ ಜಗತ್ತೇ ಹೆಸರು ಹೇಳುವ ಎಸ್.ಆರ್. ರಂಗನಾಥನ್ ಬೆಂಗಳೂರಿನಲ್ಲಿ ಬಾಳಿ 1972ರಲ್ಲಿ ಅಲ್ಲೇ ತೀರಿಕೊಂಡರು. 1933ರಲ್ಲಿ ಕೋಲನ್ ವರ್ಗೀಕರಣ ಕೊಟ್ಟವರು, 1962ರಲ್ಲಿ ಬೆಂಗಳೂರಿನಲ್ಲಿ ಇದೇ ವಿದ್ಯೆ ಕಲಿಸುವ ಕೇಂದ್ರ ಕಟ್ಟಿದವರು. ಮುಳಬಾಗಿಲಿನಿಂದ ಆ ಕೇಂದ್ರಕ್ಕೆ ನೂರು ಕಿಲೋಮೀಟರ್ ಆಸುಪಾಸು. ಹಿತ್ತಲಲ್ಲೇ ಮದ್ದಿನ ಗಿಡ ಇದ್ದೂ, ನಮ್ಮ ಹಳ್ಳಿಗಳ ಬದುಕಿಗೆ ಹೊಂದುವ ಕನ್ನಡದ ವಿಷಯಪಟ್ಟಿಯೊಂದು ಜನರ ಕೈಯಲ್ಲಿಲ್ಲ. ಇದು ವಿದ್ಯೆಯ ಕೊರತೆಯಲ್ಲ. ಬೇಕೆಂದು ಯಾರೂ ಕೇಳಲಿಲ್ಲ.

ಆದ್ದರಿಂದ ಮೊದಲ ಬೇಡಿಕೆ: ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಒಟ್ಟಿಗೆ ಕೂತು ಕನ್ನಡದ ವಿಷಯಪಟ್ಟಿ ಮಾಡಲಿ. ನೀರುಗಂಟಿ ಎಂದು ಹುಡುಕಿದರೂ ನೀರು ಪೂರೈಕೆ ಎಂದು ಹುಡುಕಿದರೂ ಒಂದೇ ಕಡೆ ತಲುಪುವಂತಿರಲಿ.

ಎರಡನೆಯದು: ಹಳ್ಳಿಯ ಬಗ್ಗೆ ಬರೆದ ಪ್ರಬಂಧ ಯಾವುದೇ ಆಗಲಿ, ಕನ್ನಡದ ವಿಷಯಪದ, ತಾಲ್ಲೂಕಿನ ಹೆಸರು, ಸಮುದಾಯದ ಹೆಸರು ಬರೆಯುವ ಎಲ್ಲ ರೀತಿಗಳು, ಇಷ್ಟಿಲ್ಲದೆ ಸ್ವೀಕರಿಸಬೇಡಿ. ಊರಿಗೆ ಬಂದು ಜಗಲಿಯ ಮೇಲೆ ಕೂತು ಟೀ ಕುಡಿದು ನಮ್ಮ ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿಕೊಂಡು ಹೋದವರು, ಆ ಅಜ್ಜಿಯ ಮೊಮ್ಮಗಳು ಹುಡುಕಿದರೆ ಸಿಗುವಂತೆ ಬರೆಯಲಿ. ಇದು ಉಪಕಾರವಲ್ಲ, ಸಾಲ ತೀರಿಸುವುದು.

ಮೂರನೆಯದು: ಕೇಂದ್ರ ಸರ್ಕಾರ 'ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್' ಎಂದು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು 2025ರಿಂದ ಸಾವಿರಾರು ಸಂಶೋಧನಾ ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದಿದೆ. ಕಾಲೇಜಿನ ಗೇಟಿನ ಒಳಗೆ ತೆರೆಯುವ ಬಾಗಿಲು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ತೆರೆಯಲಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಕಂದಾಯದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದೆ. 1965ರ ಗ್ರಂಥಾಲಯ ಕಾಯ್ದೆಯ ಕರ ಅದು. ನಾವು ದುಡ್ಡು ಕೊಟ್ಟಿದ್ದೇವೆ. ಅರಿವು ಕೇಂದ್ರದ ಮೇಲ್ವಿಚಾರಕರಿಗೆ ವಿಷಯ ಹಿಡಿದು ಹುಡುಕುವ ತರಬೇತಿ ಕೊಡಿ ಎಂದು ಕೇಳುವುದಕ್ಕೆ ಇಷ್ಟು ಸಾಕು.

ನಾಲ್ಕನೆಯದು ನಿಮಗೆ, ನಮಗೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕೆರೆಗೆ, ಮದುವೆಗೆ, ಹೆರಿಗೆಗೆ, ಸಾವಿಗೆ, ಬಿತ್ತನೆಗೆ ನಿಮ್ಮ ಮನೆಯಲ್ಲಿ ಬಳಸುವ ಪದಗಳನ್ನು ಬರೆಯಿರಿ. ಕನ್ನಡದ್ದು, ತೆಲುಗಿನದು, ಎರಡೂ ಕಲೆತದ್ದು, ಎಲ್ಲವೂ ಇರಲಿ. ಪಕ್ಕದಲ್ಲಿ ಅದರ ಅರ್ಥ, ಊರಿನ ಹೆಸರು. ಒಂದು ಪ್ರತಿ ಅರಿವು ಕೇಂದ್ರಕ್ಕೆ ಕೊಡಿ, ಒಂದು ನಮಗೆ ಕಳಿಸಿ. ವಿಷಯಪಟ್ಟಿ ಮಾಡಲು ದೊಡ್ಡವರು ಕೂರುವ ದಿನ ಅವರ ಮೇಜಿನ ಮೇಲೆ ಈ ನೋಟ್‌ಬುಕ್‌ಗಳ ರಾಶಿ ಇರಬೇಕು.

ಮುಳಬಾಗಿಲು ಎಂದರೆ ಮೂಡಲ ಬಾಗಿಲು ಎಂದು ಹಿರಿಯರು ಹೇಳುತ್ತಾರೆ. ಈ ಬಾಗಿಲಿನಿಂದ ನಮ್ಮ ಮಾತು ಇನ್ನೂರು ವರ್ಷದಿಂದ ಹೊರಗೆ ಹೋಗುತ್ತಲೇ ಇದೆ. ಅದು ಒಳಗೆ ಬರುವ ದಾರಿಯನ್ನು ಕೇಳುವ ಕೆಲಸ ಮುಂದಿನ ಗ್ರಾಮಸಭೆಯಿಂದಲೇ ಶುರುವಾಗಲಿ.